ಹುರಿದವನ ಮೊದಲ ಗುಟುಕು

ಅಗ್ನೆಸ್ ಸೆರಗಿನ ತುದಿಯ ಗಂಟು ಬಿಚ್ಚಿ ಒಂದು ಹಿಡಿ ಬೀಜವನ್ನು ಚಹಾದಂಗಡಿಯ ಗಲ್ಲೆಯ ಮೇಲೆ ಸುರಿದಳು. ನಡುವೆ ಸೀಳುಗೆರೆಯಿದ್ದ, ಹಸಿರೂ ಅಲ್ಲದ ಬೂದಿಯೂ ಅಲ್ಲದ ಬಣ್ಣದ ಬೀಜ. ಚನಬಸಪ್ಪ ಒಂದನ್ನೆತ್ತಿ ಹಲ್ಲಿನಲ್ಲಿ ಕಚ್ಚಿದ, ಮೂಗಿಗೆ ಹಿಡಿದ, ಮತ್ತೆ ಕಚ್ಚಿದ.

"ಎಲ್ಲಿಂದು ಇದು?"

"ಜಮೈಕಾದ್ದಂತರಿ. ನಮ್ಮ ತಮ್ಮ ಸಂತಾನ ತಂದಾನ, ಹಡಗದಿಂದ."

ಚನಬಸಪ್ಪ ಗಲ್ಲೆ ಬಿಟ್ಟು ಎದ್ದು ನಿಂತ. ಗಿರಾಕಿ ಚಹಾ ಕುಡಿದು ಕಾಸು ಕೊಡದೆ ಹೊರಟರೂ ಏಳುವ ಮನುಷ್ಯನಲ್ಲ ಅವನು.

ಸಾಂಬ್ರಾಣಿ ಎಂಬ ಆ ಊರಿನಲ್ಲಿ ಹಳಿಯಾಳದ ಬಸ್ಸು ನಿಲ್ಲುವ ಜಾಗಕ್ಕೆ ಎದುರಾಗಿಯೇ ಇತ್ತು ಅವನ ಚಹಾದಂಗಡಿ. ಹರೆಯದಲ್ಲಿ ಅವನು ಹುಬ್ಬಳ್ಳಿಯ ಕಾಫಿಪುಡಿ ಅಂಗಡಿಯೊಂದರಲ್ಲಿ ಬೀಜ ಹುರಿಯುವ ಕೆಲಸಕ್ಕಿದ್ದ. ಅಲ್ಲಿನ ಮಾಲಕ ಮಧ್ಯಾಹ್ನದ ಊಟವಾಗಿ ಎಲೆಅಡಿಕೆ ಬಾಯಿಗೆ ಹೋದ ಮೇಲೆ ದಿನವೂ ಅದೇ ಮಾತು ತೆಗೆಯುತ್ತಿದ್ದ: ಕಾಫಿ ಅಂದರೆ ಜಮೈಕಾದ್ದು, ಅಲ್ಲಿಯ ನೀಲಿ ಬೆಟ್ಟದ್ದು, ಅದು ಹಡಗು ಹತ್ತುವುದು ಮರದ ಪೀಪಾಯಿಯಲ್ಲಿ, ಲೋಕದ ಉಳಿದ ಕಾಫಿಯೆಲ್ಲ ಗೋಣಿಚೀಲದ್ದು. ಆ ಮಾಲಕನೂ ಅದನ್ನು ಕುಡಿದವನಲ್ಲ. ಆದರೂ ಚನಬಸಪ್ಪನ ನಾಲಿಗೆಗೆ ಆ ಹೆಸರು ಅಂಟಿಕೊಂಡುಬಿಟ್ಟಿತ್ತು. ಊರಿಗೆ ಬಂದು ಅಂಗಡಿ ಹಾಕಿದ ಹೊಸತರಲ್ಲಿ ಕಾಫಿ ಮಾಡಿ ನೋಡಿದ. ಜನ ಒಂದು ಗುಟುಕು ಕುಡಿದು, ಇದೇನು ಜ್ವರದ ಔಷಧವೇ ಎಂದು ಕೇಳಿ ಚಹಾಕ್ಕೆ ಕೈ ಚಾಚಿದರು. ಹುರಿಯುವ ಬಾಣಲೆ ಅಂದು ಅಟ್ಟ ಹತ್ತಿದ್ದು ಮತ್ತೆ ಇಳಿದಿರಲಿಲ್ಲ.

"ಎಷ್ಟೈತಿ ಇದು?"

"ಒಂದ್ ಸಣ್ಣ ಚೀಲರಿ."

"ಚೀಲ ಪೂರಾ ನನಗ ಕೊಡು. ನಿನಗೇನು ಬೇಕು ಕೇಳು."

ಅಗ್ನೆಸ್ ಕೇಳಲೆಂದೇ ಬಂದಿದ್ದಳು. ಅಂಗಡಿಯ ಮುಂದಿನ ಉದ್ದ ಕಟ್ಟೆಯ ಮೂಡಣ ತುದಿಗೆ ತಗಡಿನ ಮಾಡು ಇತ್ತು. ಅದರ ಕೆಳಗೆ ಸೌದೆ ಪೇರಿಸಿಟ್ಟಿದ್ದರು. ಅವಳು ಮರದ ನಾಟಾ ತುಂಬುವ ಲಾರಿಗಳು ನಿಲ್ಲುವಲ್ಲಿ ಮಾವಿನಮರದ ಬುಡದಲ್ಲಿ ಒಲೆ ಹೂಡಿ ಚಹಾ ಮಾರುತ್ತಿದ್ದಳು. ಮಳೆ ಬಂದರೆ ಒಲೆ ಆರುತ್ತಿತ್ತು, ಬಿಸಿಲಿದ್ದರೆ ಕಾವಲುಗಾರ ಬಂದು ಓಡಿಸುತ್ತಿದ್ದ. ಗಂಡ ಸತ್ತ ಮೇಲೆ ಕೂಲಿಗೆ ಹೋಗದೆ ತನ್ನದೇ ಒಂದು ಒಲೆಯಿಂದ ಬದುಕಬೇಕೆಂದು ಹಟ ಹಿಡಿದವಳಿಗೆ ಬೇಕಾದದ್ದು ಒಂದು ಸೂರು, ಬಸ್ಸಿನವರ ಕಣ್ಣಿಗೆ ಬೀಳುವಂಥ ಜಾಗ.

"ಕಟ್ಟಿ ಮೂಲಿ ಕೊಡ್ರಿ ಸಾವ್ಕಾರ್ರ. ಕಟಗಿ ಇಟ್ಟೀರಲ್ಲಾ, ಆ ಮೂಲಿ."

ಚನಬಸಪ್ಪ ಕಟ್ಟೆಯ ಕಡೆ ನೋಡಿದ, ಬೀಜದ ಕಡೆ ನೋಡಿದ. "ಆತು. ಆದ್ರ ಇನ್ನೊಂದ್ ಮಾತೈತಿ. ಹೊರಗ ಕುಡಿಯೂ ಮಂದೀನ್ನೆಲ್ಲಾ ನೀನ ನೋಡ್ಕೋಬೇಕು. ನಿಮ್ಮ ಸಿದ್ದಿ ಮಂದಿ, ಕೇರಿ ಮಂದಿ. ಒಳಗಿನವರು ನನ್ನ ಕಡೆ. ನಿನಗೂ ಗಿರಾಕಿ ಆತು, ನನಗೂ ಕಿರಿಕಿರಿ ತಪ್ಪಿತು."

ಅಂಗಡಿಯೊಳಗಿನ ಬೆಂಚಿಗೆ ಸ್ಟೀಲಿನ ಲೋಟ. ಹೊರಗಿನ ಹಲಗೆಯ ಮೇಲೆ ಅಂಚು ಒಡೆದ ಪಿಂಗಾಣಿ ಕಪ್ಪುಗಳು. ಅವುಗಳಲ್ಲಿ ಕುಡಿದವರು ತಾವೇ ತೊಳೆದು ಕವುಚಿಡಬೇಕು. ಅಗ್ನೆಸ್ ಹುಡುಗಿಯಾಗಿದ್ದಾಗಿನಿಂದ ಅವನ್ನು ತೊಳೆದು ಕವುಚಿಟ್ಟವಳು. ಈಗ ಆ ಹಲಗೆಯನ್ನೇ ಅವಳ ಹೆಸರಿಗೆ ಬರೆದುಕೊಡುವ ಮಾತು! ಆದರೂ ತಲೆಯಾಡಿಸಿದಳು. ಮಳೆಯಲ್ಲಿ ನೆನೆದವರಿಗೆ ಸೂರೆಂದರೆ ಸೂರು.

ಸಿದ್ದಿವಾಡಾ ಊರಿನಿಂದ ಆಚೆ, ಕಾಡಿನ ಅಂಚಿಗೆ. ಹಿಂದೆ ಕಡಲಾಚೆಯಿಂದ ಗುಲಾಮರಾಗಿ ಗೋವೆಗೆ ಬಂದ ಕಪ್ಪು ಮೈ, ಗುಂಗುರು ಕೂದಲಿನ ಜನರ ಪೀಳಿಗೆ ಅಲ್ಲಿತ್ತು. ಅಗ್ನೆಸ್ ಮನೆಗೆ ಬಂದು ಅಟ್ಟಕ್ಕೆ ಕೈ ಹಾಕಿದರೆ ಚೀಲವಿಲ್ಲ.

"ಆಯೀ, ಸಂತಾನ ತಂದ ಚೀಲ ಎಲ್ಲಿ?"

ತಾಯಿ ಎಲಿಜಬೆತ್ ಒಳಕೋಣೆಯ ಕಡೆ ಗದ್ದ ತೋರಿಸಿದಳು. ಗೋಡೆಯಲ್ಲಿ ಶಿಲುಬೆ, ಕೆಳಗೆ ಮೂಲೆಯಲ್ಲಿ ಕುಂಕುಮ ಹಚ್ಚಿದ ತೆಂಗಿನಕಾಯಿ, ಅದೇ ಮನೆಯ ತೀರಿಹೋದ ಹಿರಿಯರು. ಪಾದ್ರಿ ಬರುವ ದಿನ ಎಲಿಜಬೆತ್ ಕಾಯಿಯ ಮೇಲೆ ಬುಟ್ಟಿ ಕವುಚುತ್ತಿದ್ದಳು, ಅವರ ಬೆನ್ನು ತಿರುಗಿದ ಕೂಡಲೇ ಬುಟ್ಟಿ ತೆಗೆಯುತ್ತಿದ್ದಳು. ಹಿರಿಯರ ಮುಂದೆ ದೀಪ ಉರಿಯುತ್ತಿತ್ತು, ದೀಪದ ಮುಂದೆ ಕಾಫಿಯ ಚೀಲ ಕುಳಿತಿತ್ತು.

ಅಗ್ನೆಸ್ ಚೀಲಕ್ಕೆ ಚಾಚಿದ ಕೈಯನ್ನು ಹಿಂದೆಗೆದುಕೊಂಡಳು. ಆ ವಾಡಾದಲ್ಲಿ ಏಸುವನ್ನು ನಂಬಿದವರಿಗೂ, ನಮಾಜು ಮಾಡುವವರಿಗೂ, ಕರಿಯಮ್ಮನಿಗೆ ಕೋಳಿ ಕೊಡುವವರಿಗೂ ಹಿರಿಯರ ಕಟ್ಟಳೆ ಒಂದೇ. ಅವರ ಮುಂದಿಟ್ಟದ್ದನ್ನು ಮಾರುವಂತಿಲ್ಲ, ಹೊಸ್ತಿಲು ದಾಟಿಸುವಂತಿಲ್ಲ. ಬಂದವರಿಗೆಲ್ಲ ಹಂಚಿ ಅದೇ ಮನೆಯಲ್ಲಿ ಮುಗಿಸಬೇಕು.

"ಏನ್ ಮಾಡಿದಿ ಆಯಿ! ನಾ ಅದರ ಮ್ಯಾಲೆ ಮಾತಾಡಿ ಬಂದೇನಿ!"

"ಬೀಗರು ಕಳಿಸಿದ್ದು ಮೊದಲು ಹಿರಿಯರಿಗೆ ಸಲ್ಲಬೇಕಲ್ಲ?"

"ಬೀಗರಾ? ಯಾವ ಬೀಗರು?"

"ನಿನ್ನ ತಮ್ಮನ್ನ ಕೇಳು."

ಸಂತಾನ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಳ್ಳುತ್ತಿದ್ದ. ಗೋವೆಯ ಬಂದರಿನಿಂದ ಹೊರಡುವ ಸರಕು ಹಡಗಿನಲ್ಲಿ ಅಡಿಗೆಯವನ ಕೈಕೆಳಗೆ ಈರುಳ್ಳಿ ಹೆಚ್ಚುವ ಕೆಲಸ ಅವನದು. ಈ ಸಲ ರಜೆಗೆ ಬಂದವನನ್ನು ಹಳಿಯಾಳದ ಬಸ್ಸಿನ ಕಂಡಕ್ಟರು ನೋಡಿ, "ಏನ್ರೀ ವೆಸ್ಟ್ ಇಂಡೀಸ್, ಕಪ್ ಕಳಕೊಂಡ್ರಲ್ಲಾ!" ಎಂದು ನಕ್ಕಿದ್ದ. ಆ ವರ್ಷದ ಜೂನಿನಲ್ಲಿ ಇಂಡಿಯಾ ವಿಶ್ವಕಪ್ ಗೆದ್ದ ಕ್ರಿಕೆಟ್ ಆಟದ ಮಾತು ಇನ್ನೂ ಜನರ ಬಾಯಲ್ಲಿತ್ತು. ಸಂತಾನ, "ಸೋತವರು ಅವರು, ಗೆದ್ದವರು ನಾವು. ಟಿಕೀಟು ಕೊಡ್ರಿ," ಎಂದಿದ್ದ.

ಜಮೈಕಾದಲ್ಲಿ ಆದದ್ದು ಇದರ ತಿರುಗುಮುರುಗು. ಹಡಗು ಕಿಂಗ್‌ಸ್ಟನ್ ಬಂದರಿಗೆ ಬಂದಾಗ ಇವನು ನೆಲಕ್ಕಿಳಿದು ಸುಮ್ಮನೆ ನಿಂತಿದ್ದರೆ ಕೂಲಿಗಳ ಮುಕಾದಮನೊಬ್ಬ ಬಂದು, ಕೆಲಸಗಳ್ಳ ಕೂಲಿಯೆಂದು ತಿಳಿದು ಬೈದು ಪೀಪಾಯಿ ಉರುಳಿಸಲು ಹಚ್ಚಿದನಂತೆ. ಇಂಡಿಯಾದವನೆಂದರೆ ಒಬ್ಬರೂ ನಂಬಲೊಲ್ಲರು.

"ಅಲ್ಲಿ ಎಲ್ಲಾರೂ ನಮ್ಮಂಗ ಅದಾರ ಅಕ್ಕಾ. ಪೋಲೀಸನೂ ನಮ್ಮಂಗ, ಮಾಸ್ತರನೂ ನಮ್ಮಂಗ, ಬ್ಯಾಂಕಿನ ಸಾಹೇಬನೂ ನಮ್ಮಂಗ. ಯಾರೂ ನನ್ನ ತಿರುಗಿ ನೋಡಲಿಲ್ಲ. ಹುಟ್ಟಿದಾಗಿಂದ ಹಂಗ ಆಗಿದ್ದಿಲ್ಲ ನೋಡು."

ಪೀಪಾಯಿಯ ಇನ್ನೊಂದು ತುದಿ ಹಿಡಿದಿದ್ದವನು ಡೆಸ್ಮಂಡ್ ಎಂಬ ಹಮಾಲ. ಅವನ ತಾಯಿಗೆ ಬೆಟ್ಟದ ಮೇಲೆ ಒಂದು ತುಂಡು ಕಾಫಿ ತೋಟ. ಹೆಂಗಸರು ಕೆಂಪು ಹಣ್ಣನ್ನಷ್ಟೇ ಆರಿಸಿ ಕಿತ್ತು, ತಲೆಯ ಮೇಲೆ ಹೊತ್ತು ಕಡಿದಾದ ದಾರಿ ಇಳಿಯುತ್ತಾರೆ. ಒಳ್ಳೆಯ ಬೀಜವೆಲ್ಲ ಪೀಪಾಯಿ ಸೇರಿ ಜಪಾನಿಗೆ ಹೋಗುತ್ತದೆ. ಬೆಳೆದವರು ಕುಡಿಯುವುದು ನೀರಿಗೆ ಹಾಕಿದಾಗ ತೇಲಿದ ಜೊಳ್ಳು.

"ಬೆಳೆದವರಿಗೆ ಜೊಳ್ಳು! ಅಲ್ಲೂ ಹಂಗನ?" ಎಂದಳು ಎಲಿಜಬೆತ್.

"ಅಲ್ಲೂ ಹಂಗನ. ಅವರ ಆಯಿ ಮಾತ್ರ ಗಟ್ಟಿ ಹೆಂಗಸು. ವರ್ಷಕ್ಕೊಂದು ಚೀಲ ಒಳ್ಳೇ ಬೀಜ ಮುಚ್ಚಿಟ್ಕೋತಾಳಂತ. ಅದನ್ನ ಕೊಟ್ಟ ನನಗ. ನಿಮ್ಮ ಮನಿಗೆ ಒಯ್ಯಿ ಅಂದ."

"ಅದನ್ನ ಹೇಳು, ಗುಡ್ಡದ್ದು," ಎಂದು ತಾಯಿ ನೆನಪಿಸಿದಳು.

"ಕಬ್ಬಿನ ತ್ವಾಟದಾಗ ಗುಲಾಮರಾಗಿದ್ದವರು ತಪ್ಪಿಸ್ಕೊಂಡು ಓಡಿ ಆ ಗುಡ್ಡ ಸೇರಿದ್ರಂತ. ಬಿಳೀ ಸೈನ್ಯ ಬಂದ್ರೂ ಕೈಗೆ ಸಿಗಲಿಲ್ಲಂತ."

ಎಲಿಜಬೆತ್ ಮಗಳ ಕಡೆ ತಿರುಗಿದಳು. "ನಮ್ಮವರು ಗೋವಾದಾಗಿನ ದೊರಿಗಳ ಕೈಯಾಗಿಂದ ಓಡಿ ಈ ಅಡವಿಗೆ ಬಂದ್ರು. ಅವರು ಓಡಿ ಆ ಅಡವಿಗೆ ಹೋದ್ರು. ಬೀಗರಲ್ಲದ ಮತ್ತ್ಯಾರು?"

ಅಗ್ನೆಸ್‌ಗೆ ಅಳು ಬರಲಿಲ್ಲ, ಸಿಟ್ಟು ಬಂತು. "ನಿನ್ನ ಹಿರಿಯರಿಗೆ ಸೂರೈತಿ, ದೀಪ ಐತಿ. ನನಗ ಏನೈತಿ?"

ತಾಯಿ ದೀಪಕ್ಕೆ ಎಣ್ಣೆ ಹೊಯ್ದಳು. ಐತವಾರ ಚರ್ಚಿನ ಪೂಜೆ ಮುಗಿದ ಮೇಲೆ ಬನ್ನಿರೆಂದು ಆಗಲೇ ಎಲ್ಲ ಮನೆಗೂ ಹೇಳಿಬಂದಿದ್ದಳು.

ಆದರೆ ಆ ಬೀಜವನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂತಾನನ ಹಡಗಿನಲ್ಲಿ ಕಾಫಿಯೆಂದರೆ ಡಬ್ಬಿಯೊಳಗಿನ ಪುಡಿ. ಎಲಿಜಬೆತ್ ಒಂದು ಹಿಡಿ ಬೀಜವನ್ನು ಅಲಸಂದಿ ಬೇಯಿಸಿದ ಹಾಗೆ ಮಡಕೆಗೆ ಹಾಕಿ ಬೆಳಗಿನಿಂದ ಸಂಜೆಯವರೆಗೆ ಬೇಯಿಸಿದಳು. ಬೀಜ ಉಬ್ಬಿತೇ ಹೊರತು ಬೇಯಲಿಲ್ಲ. ಇನ್ನೊಂದು ಹಿಡಿಯನ್ನು ಹೆಂಚಿನ ಮೇಲೆ ಹಾಕಿ ಭರ್ರೆಂದು ಉರಿ ಮಾಡಿದಳು. ಹೊರಗೆ ಇದ್ದಿಲು, ಒಳಗೆ ಹಸಿ. ನೆರೆಮನೆಯ ಬಡಗಿ ಇಸ್ಮಾಯಿಲ್ ಬಂದು ಒಂದನ್ನು ಕಡಿದು ನೋಡಿ, "ಮಾವಶಿ, ಇದನ್ನ ಕವಣಿಗೆ ಹಾಕು. ಮಂಗ್ಯಾ ಒಂದೂ ಹೊಲದಾಗ ಉಳಿಯಂಗಿಲ್ಲ," ಎಂದ.

ಶನಿವಾರ ಅಗ್ನೆಸ್ ಚನಬಸಪ್ಪನ ಅಂಗಡಿಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಅವನ ಮುಖ ಕೆಂಪಾಯಿತು.

"ಮಾತ್ ತಪ್ಪಿದಿ ಅಗ್ನೇಸಿ."

"ಹೂಂರಿ, ತಪ್ಪಿತು. ಆದ್ರ ಹಿರಿಯರ ಮುಂದಿಂದು ತರಾಕ ಬರೂದಿಲ್ಲ. ಐತಾರ ಮನಿಗೆ ಬರ್ರಿ, ಅಲ್ಲೇ ಕುಡೀರಿ. ಬಂದವರಿಗೆಲ್ಲಾ ಪಾಲೈತಿ."

"ನಾ? ನಿಮ್ಮ ಮನಿಗೆ?" ಅವನ ಕೈ ತಾನಾಗಿ ಹಣೆಯ ವಿಭೂತಿ ಮುಟ್ಟಿತು. "ತಲಿ ಕೆಟ್ಟೈತೇನು? ಮಂದಿ ಏನಂದಾರು?"

"ಹಂಗಾರ ಬಿಡ್ರಿ. ಹೆಂಗೂ ರುಚಿ ಇಲ್ಲದು. ಕುದಿಸಿದ್ರ ಬೇಯಲಿಲ್ಲ."

"ಕುದಿಸಿದ್ರಾ? ಹಸೀ ಬೀಜಾ?"

"ದಿನಾ ಪೂರ್ತಿ."

ಚನಬಸಪ್ಪ ಎರಡೂ ಕೈಯಿಂದ ತಲೆ ಹಿಡಿದುಕೊಂಡ.

"ಆಮ್ಯಾಲೆ ಹೆಂಚಿನ ಮ್ಯಾಲೆ ಹಾಕಿದ್ಲು ಆಯಿ. ಎಲ್ಲಾ ಇದ್ದಲಿ ಆತು."

"ಸಾಕು, ಸಾಕು! ಉಳಿದದ್ದನ್ನ ಮುಟ್ಟಬ್ಯಾಡ ಅನ್ನು ಆ ಮುದುಕಿಗೆ!"

"ನಾ ಹೇಳಿದ್ರ ಕೇಳ್ತಾಳೇನ್ರಿ? ನಾಳೆ ಮತ್ತ ಉರಿ ಹಾಕ್ತಾಳ," ಎಂದು ಅಗ್ನೆಸ್ ತನ್ನ ಕಿಟ್ಲಿ ಎತ್ತಿಕೊಂಡು ಅವಸರವಿಲ್ಲದೆ ಹೊರಟಳು.

ಐತವಾರ ಮಧ್ಯಾಹ್ನ ಅಂಗಳದಲ್ಲಿ ವಾಡಾದ ಜನವೆಲ್ಲ ಸೇರಿತ್ತು. ಬೇಲಿಯ ಆಚೆ ಚನಬಸಪ್ಪ ಕಾಣಿಸಿಕೊಂಡ. ಬಗಲಲ್ಲಿ ವಸ್ತ್ರ ಸುತ್ತಿದ ಗುಂಡನೆಯದೇನೋ ಇತ್ತು. "ಈ ಕಡೆ ಒಂದ್ ಎತ್ತು ನೋಡಾಕ ಬಂದಿದ್ದೆ," ಎಂದ.

"ಎತ್ತಿಗೆ ಬಾಣಲಿ ಯಾಕ್ರಿ ಸಾವ್ಕಾರ್ರ?" ಎಂದ ಇಸ್ಮಾಯಿಲ್.

ಅಂಗಳವೆಲ್ಲ ನಕ್ಕಿತು. ಚನಬಸಪ್ಪನಿಗೂ ಬಾಯಿ ಬಿಗಿಹಿಡಿಯಲಾಗಲಿಲ್ಲ. "ಹುರದು ಕೊಟ್ಟು ಹೋಗ್ತೇನಿ. ಕುಡಿಯೂದಿಲ್ಲ. ಮೊದಲ ಹೇಳ್ತೇನಿ, ಕುಡಿಯೂದಿಲ್ಲ."

"ಯಾರು ಕುಡಿ ಅಂದಾರ? ಒಳಗ ಬಾರಪ್ಪಾ," ಎಂದಳು ಎಲಿಜಬೆತ್.

ಒಲೆಯ ಮುಂದೆ ಕುಳಿತ ಮೇಲೆ ಅವನು ಬೇರೆಯೇ ಮನುಷ್ಯನಾದ. ಧೋತರದ ಕಚ್ಚೆ ಬಿಗಿದ. ದೊಡ್ಡ ಕೊಳ್ಳಿಗಳನ್ನು ಎಳೆದು ಹಾಕಿ ಕೆಂಡವನ್ನಷ್ಟೇ ಉಳಿಸಿದ. ಬಾಣಲೆ ಕಾದ ಮೇಲೆ ಬೀಜ ಸುರಿದು ಮರದ ಸೌಟಿನಿಂದ ಕೈ ಬಿಡದೆ ತಿರುವಿದ. ಮೊದಲು ಹಸಿ ಹುಲ್ಲಿನ ವಾಸನೆ ಬಂತು, ಬೀಜ ಹಳದಿಯಾಯಿತು. ಆಮೇಲೆ ರೊಟ್ಟಿ ಸುಡುವ ವಾಸನೆ. ಅಂಗಳದ ಮಾತು ಒಂದೊಂದಾಗಿ ನಿಂತಿತು. ಬೀಜ ಸಣ್ಣಗೆ ಸಿಡಿಯತೊಡಗಿದಾಗ ಚನಬಸಪ್ಪ ಕಿವಿಯನ್ನು ಬಾಣಲೆಗೆ ಒಡ್ಡಿ, ಯಾರೂ ಉಸಿರೆತ್ತಬೇಡಿರೆಂದು ಕೈ ಮಾಡಿದ. ಒಮ್ಮೆಲೇ ಬಾಣಲೆ ಎತ್ತಿ ಮೊರಕ್ಕೆ ಸುರಿದು, "ಗಾಳಿ ಹಾಕ್ರಿ, ಗಾಳಿ!" ಎಂದು ಕೂಗಿದ. ನಾಲ್ಕು ಹೆಂಗಸರು ಸೆರಗಿನಿಂದ ಬೀಸಿದರು. ಕಾಡಿನಂಚಿನ ಆ ಮನೆಯ ತುಂಬ ಯಾರೂ ಎಂದೂ ಮೂಸಿರದ ಪರಿಮಳ ಹರಡಿ ಹಂಚಿನ ಸಂದಿಯಿಂದ ಹೊರಗೆ ಹೋಯಿತು.

ಬೀಸುವ ಕಲ್ಲಿನಲ್ಲಿ ಅಗ್ನೆಸ್ ಪುಡಿ ಮಾಡಿದಳು. ನೀರು ಕುದಿಯುವ ಹೊತ್ತಿಗೆ ಎಲಿಜಬೆತ್ ಮೆಣಸು, ಶುಂಠಿ, ಬೆಲ್ಲ ತಂದಿಟ್ಟಳು.

"ಮೆಣಸು ಹಾಕಿದ್ರ ಈಗಿಂದೀಗ ಎದ್ದು ಹೋಗ್ತೇನಿ!"

"ಕಷಾಯಕ್ಕ ಮೆಣಸು ಬ್ಯಾಡೇನು?"

"ಇದು ಕಷಾಯ ಅಲ್ಲ ಆಯಿ, ಕಾಫಿ!"

ಸಂತಾನ ನಡುವೆ ಬಾಯಿ ಹಾಕಿದ. "ಅಲ್ಲಿ ಮೆಣಸು ಹಾಕೂದಿಲ್ಲ. ಬೆಲ್ಲದಂಥಾ ಒದ್ದೀ ಕಂದು ಸಕ್ಕರಿ ಹಾಕ್ತಾರ."

"ಕೇಳಿದೇನು? ಬೀಗರೂ ಬೆಲ್ಲಾನ ಹಾಕ್ತಾರ," ಎಂದು ಎಲಿಜಬೆತ್ ಗೆದ್ದ ಮುಖ ಮಾಡಿ ಬೆಲ್ಲ ಹಾಕಿದಳು. ಅಷ್ಟಕ್ಕೆ ರಾಜಿಯಾಯಿತು.

ಸೋಸಿದ ಕಾಫಿಯ ಮೊದಲ ಪಾಲು ಎಲೆದೊನ್ನೆಯಲ್ಲಿ ಹಿರಿಯರ ಮುಂದೆ ಹೋಯಿತು. ಉಳಿದದ್ದು ಲೋಟ, ಬಟ್ಟಲು, ಕರಟ, ಸಿಕ್ಕಿದ್ದರಲ್ಲೆಲ್ಲ ಬಿದ್ದು ಅಂಗಳಕ್ಕೆ ಬಂತು. ಎಲ್ಲರ ಕೈಯಲ್ಲೂ ಹಬೆಯಾಡುತ್ತಿತ್ತು. ಒಬ್ಬರೂ ತುಟಿಗೆ ತಾಕಿಸಲಿಲ್ಲ. ಎಲ್ಲರೂ ಚನಬಸಪ್ಪನನ್ನೇ ನೋಡುತ್ತಿದ್ದರು. ಅವನ ಮುಂದೆಯೂ ಒಂದು ಲೋಟ ಇತ್ತು.

"ಕುಡೀರಿ ಮತ್ತ," ಎಂದ ಅವನು.

"ಒಲಿ ಮುಂದ ಕೈ ಆಡಿಸಿದವ ಮೊದಲು ಕುಡೀಬೇಕಪ್ಪಾ," ಎಂದಳು ಎಲಿಜಬೆತ್. "ಹಿರಿಯರದು ಆದಮ್ಯಾಲೆ ಅವನದು. ಅಂವ ಕುಡೀದ ಹೊರತು ಇಲ್ಲಿ ಯಾರೂ ಮುಟ್ಟಂಗಿಲ್ಲ."

"ನಾ ಹುರಿಯಾಕ ಅಷ್ಟ ಬಂದಾಂವ ಅಂತ ಹೇಳೇನಿ!"

"ಹೌದು, ಹುರಿದಿ. ಅದಕ್ಕ ನೀನ ಮೊದಲು."

"ಅಗ್ನೇಸಿ, ಹೇಳು ನಿನ್ನ ಆಯಿಗೆ."

"ನಾ ಏನ್ ಹೇಳ್ಲಿರಿ? ನಮ್ಮ ಕಟ್ಟಳಿ." ಅಗ್ನೆಸ್ ನಿಜಕ್ಕೂ ಇದನ್ನು ಯೋಚಿಸಿರಲಿಲ್ಲ. ಈಗ ಯೋಚಿಸಿ, ನಗು ತಡೆದುಕೊಂಡು ತನ್ನ ಲೋಟದ ಹಬೆಯ ಕಡೆ ನೋಡುತ್ತ ಕುಳಿತಳು.

ಹಬೆ ತೆಳ್ಳಗಾಯಿತು. ಚನಬಸಪ್ಪ ಒಂದು ಲೋಟದಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ವರ್ಷಗಟ್ಟಲೆ ಹೆಸರಷ್ಟೇ ಚಪ್ಪರಿಸಿದ್ದ ಕಾಫಿ, ತನ್ನದೇ ಕೈಯ ಹದ, ಇಷ್ಟು ಜನರ ಅಂಗೈಯಲ್ಲಿ ಸುಮ್ಮನೆ ಆರುತ್ತಿದೆ!

"ಆರಾಕತ್ತೈತಿ! ಕುಡೀರಲೇ! ಆರಿದ ಮ್ಯಾಲೆ ಏನ್ ಉಳೀತೈತಿ ಅದರಾಗ?"

"ನಾವು ಒಲ್ಲೆ ಅಂದಿಲ್ಲರಿ ಸಾವ್ಕಾರ್ರ," ಎಂದ ಇಸ್ಮಾಯಿಲ್. "ನಿಮ್ಮ ದಾರಿ ನೋಡಾಕತ್ತೇವಿ."

ಆ ಮನುಷ್ಯನ ಜಾತಿ ತಕ್ಕಡಿಯ ಒಂದು ತಟ್ಟೆಯಲ್ಲಿ, ಆರುತ್ತಿರುವ ಕಾಫಿ ಇನ್ನೊಂದರಲ್ಲಿ ಕುಳಿತಿತ್ತು. ಚನಬಸಪ್ಪ ಯಾರಿಗೋ ಬೈಯುತ್ತ ಲೋಟ ಎತ್ತಿ ಕುಡಿದ.

ಕಹಿ ಬಂತು, ಆದರೆ ನಾಲಿಗೆಯ ಮೇಲೆ ಪಟ್ಟು ಹಿಡಿದು ಕೂರಲಿಲ್ಲ. ಅದರ ಹಿಂದೆಯೇ ಹಣ್ಣಿನದೊಂದು ಸಣ್ಣ ಹುಳಿ, ಆಮೇಲೆ ಬೆಲ್ಲಕ್ಕಿಂತ ಬೇರೆಯಾದ, ಕಾಳಿನೊಳಗಿಂದಲೇ ಬಂದ ಸಿಹಿ. ನುಂಗಿದ ಮೇಲೂ ಗಂಟಲಿನಲ್ಲಿ ಬೆಚ್ಚಗೆ ಏನೋ ಉಳಿದಿತ್ತು. ಅವನು ಕಣ್ಣು ಮುಚ್ಚಿಕೊಂಡ. "ನಮ್ಮ ಮಾಲಕ ಸುಳ್ಳ ಹೇಳಿದ್ದಿಲ್ಲ," ಎಂದ, ಯಾರಿಗೂ ಅಲ್ಲದ ದನಿಯಲ್ಲಿ.

ಅಂಗಳ ಕುಡಿಯಿತು. ಕೆಲವರು ಮುಖ ಕಿವಿಚಿ ಬೆಲ್ಲ ಕಡಿದುಕೊಂಡರು, ಕೆಲವರು ಇನ್ನಷ್ಟು ಕೇಳಿದರು. ಎಲಿಜಬೆತ್ ಚಪ್ಪರಿಸಿ, "ಬೆಳೆದಾಕಿ ಕೈ ಚಲೋ ಐತಿ," ಎಂದಳು. ಅವಳಿಗೆ ಅದು ಬೀಗಿತ್ತಿಯ ಕೈ.

ಚನಬಸಪ್ಪ ಎರಡನೆಯ ಸಲ ತಾನೇ ಲೋಟ ಚಾಚಿದ. ಅಗ್ನೆಸ್ ಷರತ್ತಿಲ್ಲದೆ ತುಂಬಿಸಿದಳು, ಹಿರಿಯರ ಕಾಫಿಗೆ ಷರತ್ತು ಹಾಕುವಂತಿಲ್ಲ. ಅವನು ಕುಡಿದು ಲೋಟ ಕೆಳಗಿಟ್ಟ ಮೇಲೆ ಅವನೆದುರು ಬಂದು ಕುಳಿತಳು.

"ಸಾವ್ಕಾರ್ರ, ಚೀಲದ ಮಾತು ಮುರೀತು. ಅದರ ಸಂಗಾಟ ಹೊರಗಿನ ಮಂದಿ ಮಾತೂ ಮುರೀತು. ಈಗ ಹೊಸಾ ಮಾತಾಡೂಣು."

"ಚೀಲ ಇಲ್ಲ, ಏನ್ ಮಾತು?"

"ಚೀಲ ಇಲ್ಲೈತಲ್ರಿ," ಎಂದು ಇಸ್ಮಾಯಿಲ್ ಹೊಟ್ಟೆ ತಟ್ಟಿಕೊಂಡ.

"ಕಟ್ಟಿ ಮೂಲಿಗೆ ಬಾಡಿಗಿ ಕೊಡ್ತೇನಿ, ಪುಕ್ಕಟೆ ಬ್ಯಾಡ," ಎಂದಳು ಅಗ್ನೆಸ್. "ಹುಬ್ಬಳ್ಳಿಯಿಂದ ಬೀಜ ತರಸ್ರಿ. ನೀವು ಹುರೀರಿ, ನಾ ಕಾಫಿ ಮಾಡ್ತೇನಿ. ಆದ್ರ ಬರೇ ಹೊರಗಿನವರಿಗೆ ಮಾಡೂದಿಲ್ಲ. ಯಾರ್ ಬಂದ್ರೂ ಅದ ಲೋಟ, ಅದ ಬೆಂಚು. ಆ ಒಡದ ಕಪ್ಪು ತಗೀಬೇಕು ನೀವು."

"ಅವು ಹೆಂಗೂ ಒಡದಾವ, ತಗೀಬೇಕಂತ ಮಾಡಿದ್ದೆ…"

"ಒಡದದ್ದಕ್ಕ ತಗೀಬ್ಯಾಡ್ರಿ. ಇಟ್ಟದ್ದು ತಪ್ಪಂತ ತಗೀರಿ."

ಚನಬಸಪ್ಪ ಖಾಲಿ ಲೋಟವನ್ನು ನೆಲದ ಮೇಲೆ ತಿರುಗಿಸಿದ.

"ಮಂದಿ ಏನಂದಾರು ಅಗ್ನೇಸಿ?"

"ಮಂದಿ ಇಲ್ಲೇ ಕುಂತಾರಲ್ರಿ. ಕೇಳ್ರಿ."

ಅವನು ತಲೆಯೆತ್ತಿ ನೋಡಿದ. ಇಷ್ಟು ವರ್ಷ ಅವನು ಹೇಳುತ್ತಿದ್ದ 'ಮಂದಿ'ಯೊಳಗೆ ಈ ಅಂಗಳ ಇರಲೇ ಇಲ್ಲ. ಈಗ ಅದು ಬಾಯಿ ಒರೆಸಿಕೊಳ್ಳುತ್ತ ಅವನನ್ನೇ ನೋಡುತ್ತಿತ್ತು. ಯಾರ ಕಣ್ಣಲ್ಲೂ ಬೇಡಿಕೆ ಇರಲಿಲ್ಲ.

"ನನ್ನ ಗಿರಾಕಿ ಮುರೀತಾರ."

"ಮುರದು ಎಲ್ಲಿ ಹೋಗ್ತಾರ? ಚಹಾ ಕುಡಿಯಾಕ ಬಸ್ ಹತ್ತಿ ಹಳಿಯಾಳಕ್ಕ ಹೋಗಿ ಬರ್ತಾರೇನು?"

ಸಂತಾನ ಫಕ್ಕನೆ ನಕ್ಕ. ಚನಬಸಪ್ಪ ಬಾಣಲೆಯನ್ನು ವಸ್ತ್ರದಲ್ಲಿ ಸುತ್ತುತ್ತ ಎದ್ದ. ಚಪ್ಪಲಿ ಮೆಟ್ಟಿಕೊಂಡ ಮೇಲೂ ಹೊರಡಲಿಲ್ಲ.

"ಇಟ್ಟದ್ದು ತಪ್ಪ," ಎಂದ. ಆ ಮಾತು ಅವನ ಬಾಯಿಗೆ ಸಲೀಸಾಗಿರಲಿಲ್ಲ. "ಮಂಗಳವಾರ ಕಟಗಿ ತಗಸ್ತೇನಿ. ಆದ್ರ ಡಿಕಾಕ್ಷನ್ ಕುದಿಸಬಾರದು. ಕುದಿಸಿದಿ ಅಂದ್ರ ಅವತ್ತ ಹೊರಗ ಹಾಕ್ತೇನಿ."

ಮಂಗಳವಾರ ಕಟ್ಟೆ ಖಾಲಿಯಾಯಿತು, ಹಲಗೆಯ ಮೇಲಿನ ಒಡೆದ ಕಪ್ಪುಗಳೂ ಹೋದವು. ಇಸ್ಮಾಯಿಲ್ ಬೆಂಚು ಬಡಿದುಕೊಟ್ಟ. ಹುಬ್ಬಳ್ಳಿಯಿಂದ ಬೀಜ ಬಂತು, ಅದು ಚಿಕ್ಕಮಗಳೂರಿನದಂತೆ. ಅದನ್ನು ಅಂಗೈಯಲ್ಲಿಟ್ಟು ನೋಡಿದಾಗ ಅಗ್ನೆಸ್‌ಗೆ ಮೊದಲು ಹೊಳೆದದ್ದು, ಇದನ್ನು ಕೊಯ್ದವರು ಏನು ಕುಡಿಯುತ್ತಾರೋ ಎಂದು. ಮೊದಲ ವಾರ ಊರಿನ ಕೆಲವರು ಕಟ್ಟೆಗೆ ಬೆನ್ನು ಮಾಡಿ ನಿಂತರು, ಒಬ್ಬಿಬ್ಬರು ಚನಬಸಪ್ಪನಿಗೆ ಬುದ್ಧಿ ಹೇಳಿದರು. ಬಸ್ಸಿನವರಿಗೆ ಅದಾವುದೂ ಗೊತ್ತಿರಲಿಲ್ಲ. ಹುರಿದ ಬೀಜದ ವಾಸನೆಗೆ ಇಳಿದರು, ಕುಡಿದರು. ವೆಸ್ಟ್ ಇಂಡೀಸ್ ಎಂದು ಕರೆದಿದ್ದ ಕಂಡಕ್ಟರು ನಾಲಿಗೆ ಸುಟ್ಟುಕೊಂಡು ಎರಡನೆಯ ಲೋಟ ಹೇಳಿದ. ಡ್ರೈವರು ಹಾರ್ನು ಹೊಡೆಯುತ್ತಲೇ ಇದ್ದ.

"ಏ ಅಗ್ನೇಸಿ!" ಗಲ್ಲೆಯಿಂದ ಚನಬಸಪ್ಪನ ಕೂಗು ಬಂತು. "ವಾಸನಿ ಬದಲಾತು, ಕುದಿಸಾಕತ್ತಿ ನೋಡು!"

"ಅಲ್ಲೇ ಕುಂತು ಮೂಗಿಲೇ ಕುಡೀಬ್ಯಾಡ್ರಿ ಸಾವ್ಕಾರ್ರ. ಎದ್ದ್ ಬರ್ರಿ ಇಲ್ಲೆ!"

ಬೆಂಚಿನ ಮೇಲೆ ಕುಳಿತವರು ಒಬ್ಬರಿಗೊಬ್ಬರು ಒತ್ತಿಕೊಂಡು ಅವನಿಗಷ್ಟು ಜಾಗ ಬಿಟ್ಟರು.